ಓಟದ ಲೆಕ್ಕ

ಬಾಗಲಕೋಟೆ ಜಿಲ್ಲೆಯ ಚಿಮ್ಮಡ, ಜಮಖಂಡಿ, ಮುಧೋಳದ ಸೀಮೆಯಲ್ಲಿ ಜಾತ್ರೆಯೆಂದರೆ ತೇರಿನಷ್ಟೇ ಶರ್ಯತ್ತಿನ ಸಡಗರವೂ ಉಂಟು. ಎತ್ತಿನ ಗಾಡಿ, ಕುದುರೆ ಗಾಡಿಗಳು ಓಡುತ್ತವೆ. ಒಮ್ಮೊಮ್ಮೆ ಮುಧೋಳದ ನಾಯಿಗಳೂ ಓಡುತ್ತವೆ. ಬಹುಮಾನದ ಹಣಕ್ಕಾಗಿ ಊರ ಹಿರಿಯರು ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತಾರೆ. ಒಬ್ಬರು ರೊಕ್ಕ ಕೊಟ್ಟರೆ ಇನ್ನೊಬ್ಬರು ಜೋಳ ಅಳೆದು ಕೊಡುತ್ತಾರೆ. ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲಿ ಕುಳಿತು ಜಮಾಖರ್ಚು ಓದಿ ಹೇಳದಿದ್ದರೆ ಮರುವರ್ಷ ಪಟ್ಟಿ ಏಳುವುದು ಕಷ್ಟ. ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕುಂಟೆಂಬುದನ್ನು ಅಲ್ಲಿ ಯಾರೂ ಕಲಿಸಬೇಕಾಗಿಲ್ಲ.

ಊರಿನ ಪಟ್ಟಿಯ ಬದಲು ಸರಕಾರದ ಹಣವೋ ಭೂಮಿಯೋ ಓಟಕ್ಕೆ ಸಂದಾಗ ಲೆಕ್ಕ ಕೇಳುವವರು ಯಾರು? ಕರ್ನಾಟಕದಲ್ಲಿ ಈ ಪ್ರಶ್ನೆ ಎದ್ದುದು ಬೆಂಗಳೂರಿನ ಕುದುರೆ ಪಂದ್ಯದ ಮೈದಾನದಲ್ಲಿ. ವಿಧಾನಸೌಧಕ್ಕೆ ಅನತಿದೂರದಲ್ಲಿ, ನಗರದ ನಡುಮಧ್ಯದಲ್ಲಿ, 80ಕ್ಕೂ ಹೆಚ್ಚು ಎಕರೆಯಷ್ಟು ಹರಡಿರುವ ಆ ಭೂಮಿ ಸರಕಾರದ್ದು. ಅಲ್ಲಿ ಪಂದ್ಯ ನಡೆಸುತ್ತ ಬಂದುದು ಬೆಂಗಳೂರು ಟರ್ಫ್ ಕ್ಲಬ್. ಗುತ್ತಿಗೆಯ ಅವಧಿ 2009ರ ಡಿಸೆಂಬರಿಗೆ ಮುಗಿಯಿತು. ಮೈದಾನವನ್ನು ಊರ ಹೊರಗೆ ಸಾಗಿಸಬೇಕೆಂಬ ಮಾತು ಬಂದಿತು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಕುದುರೆಗಳು ಮಾತ್ರ ಮುಂದೆಯೂ ಅಲ್ಲಿಯೇ ಓಡಿದವು. ಅಷ್ಟು ಬೆಲೆಬಾಳುವ ನೆಲಕ್ಕೆ ಸಲ್ಲಬೇಕಾದ ಬಾಡಿಗೆ ಎಷ್ಟು, ಸಂದುದೆಷ್ಟು ಎಂಬುದನ್ನು ವಿಧಾನಮಂಡಲದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಕೈಗೆತ್ತಿಕೊಂಡು ವಿಚಾರಿಸಬೇಕಾಯಿತು.

ಇಲ್ಲಿ ಸರಕಾರದ ಪಾತ್ರ ಇಬ್ಬಗೆಯದು. 1952ರ ಪರವಾನಗಿ ಕಾಯಿದೆಯಂತೆ ಓಟಕ್ಕೆ ಅನುಮತಿ ನೀಡುವುದೂ ಸರಕಾರವೇ, ಬಾಜಿಯ ತೆರಿಗೆಯನ್ನು ಪಡೆಯುವುದೂ ಸರಕಾರವೇ. ಕುದುರೆ ಓಟ ಬರಿಯ ಅದೃಷ್ಟದಾಟವಲ್ಲ, ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿತು. ಬಾಜಿ ಕಟ್ಟಿ ಮನೆಮಾರು ಕಳೆದುಕೊಂಡವನಿಗೆ ಈ ಭೇದ ಅಷ್ಟಾಗಿ ತಿಳಿಯಲಾರದು. ಬಾಜಿಯ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 40ಕ್ಕೆ ಏರಿತು. ಬಾಜಿ ಬೆಳೆದಷ್ಟೂ ಬೊಕ್ಕಸ ತುಂಬುವುದಾದರೆ ಕಾವಲುಗಾರನ ಕಣ್ಣು ಮಂಜಾಗುವ ಭಯವುಂಟು. ಆದರೂ 2024ರಲ್ಲಿ ಸರಕಾರ ಪರವಾನಗಿಯನ್ನು ನಿರಾಕರಿಸಿತು. ಆ ಜೂನ್ ತಿಂಗಳಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಓಟಕ್ಕೆ ಅವಕಾಶವಿತ್ತರೆ, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು. ಕ್ಲಬ್ಬಿನ ನೌಕರರ ಲೆಕ್ಕವೂ ಹೀಗೆಯೇ: ನೌಕರರ ರಾಜ್ಯ ವಿಮಾ ಕಾಯಿದೆ ಅವರಿಗೂ ಅನ್ವಯಿಸುತ್ತದೆಂಬುದು ಇತ್ಯರ್ಥವಾದುದು 2014ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ.

ನೆಲ, ಬಾಡಿಗೆ, ತೆರಿಗೆ, ಕೂಲಿ ಇವೆಲ್ಲ ಮನುಷ್ಯರ ಲೆಕ್ಕ. ಓಡುವ ಪ್ರಾಣಿಯ ಲೆಕ್ಕ ಬೇರೆಯೇ ಇದೆ. ಅದನ್ನು ತಿಳಿಯಲು ಐರ್ಲೆಂಡಿನ ಸಂಗತಿಯೊಂದನ್ನು ನೋಡಬೇಕು. ಮುಧೋಳದ ನಾಯಿಯಂತೆಯೇ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯನ್ನು ಬೆನ್ನಟ್ಟುವ ಗ್ರೇಹೌಂಡ್ ನಾಯಿಗಳ ಪಂದ್ಯ ಆ ದೇಶದಲ್ಲಿ ಹೆಸರಾದುದು. 2001ರ ಕಾಯಿದೆಯೊಂದರ ಮೂಲಕ ಕುದುರೆ ಮತ್ತು ನಾಯಿ ಪಂದ್ಯಗಳಿಗೆ ಸರಕಾರವೇ ನಿಧಿಯನ್ನು ಸ್ಥಾಪಿಸಿತು. ಅದರಲ್ಲಿ ಶೇಕಡಾ 80 ಕುದುರೆಗಳಿಗೆ, 20 ನಾಯಿಗಳಿಗೆ. 2024ರಲ್ಲಿ ನಿಧಿಯ ಮೊತ್ತ ಒಂಬತ್ತೂವರೆ ಕೋಟಿ ಯೂರೊ. ಪ್ರತಿವರ್ಷ ಸಂಸತ್ತಿನ ಒಪ್ಪಿಗೆ ಪಡೆದೇ ಹಣ ಸಲ್ಲುತ್ತಿತ್ತು. ಕಾಗದದ ಮೇಲೆ ಯಾವ ಲೋಪವೂ ಕಾಣುತ್ತಿರಲಿಲ್ಲ. ಆದರೆ ತಕ್ಕಷ್ಟು ವೇಗವಾಗಿ ಓಡಲಾರವೆಂಬ ಕಾರಣಕ್ಕೆ ವರ್ಷಕ್ಕೆ ಸುಮಾರು 6,000 ನಾಯಿಗಳನ್ನು ಕೊಲ್ಲಲಾಗುತ್ತಿದೆಯೆಂಬ ಅಂದಾಜು, ನಾಯಿ ಪಂದ್ಯದ ಮಂಡಳಿಯೇ ಬರೆಸಿದ್ದ 2017ರ ವರದಿಯೊಂದರಲ್ಲಿ ಇದ್ದಿತು. ಅದು ಜನರಿಗೆ ತಿಳಿದದ್ದು 2019ರ ಜೂನಿನಲ್ಲಿ, ಅಲ್ಲಿಯ ರಾಷ್ಟ್ರೀಯ ದೂರದರ್ಶನ ಬಯಲಿಗೆಳೆದಾಗ. ಜನ ಕೆರಳಿದರು, ಪಂದ್ಯಗಳಿಗೆ ಹಣ ಕೊಡುತ್ತಿದ್ದ ಕೆಲವು ವ್ಯಾಪಾರಿ ಸಂಸ್ಥೆಗಳು ಹಿಂದೆಗೆದವು. ನಿವೃತ್ತ ನಾಯಿಗಳ ಪಾಲನೆಗೆ ಮಂಡಳಿ ಹಣ ತೆಗೆದಿಡಬೇಕಾಯಿತು. ತೆರಿಗೆ ಕೊಟ್ಟ ಪ್ರಜೆ ಎರಡು ವರ್ಷ ಅರಿಯದೆಯೇ ಆ ಸಾವುಗಳಿಗೆ ಪಾಲುದಾರನಾಗಿದ್ದನು.

ಮುಧೋಳದ ನಾಯಿಗೆ ಸಲ್ಲುವ ಸಾರ್ವಜನಿಕ ಹಣ ಬಾಜಿಯ ಕಣಕ್ಕೆ ಹೋಗುವುದಿಲ್ಲ. ಒಂದು ಕಾಲಕ್ಕೆ ಈ ತಳಿಯನ್ನು ಸಾಕಿದ್ದು ಘೋರ್ಪಡೆ ಅರಸರ ಖಜಾನೆ. ರಾಜಾ ಮಾಲೋಜಿರಾವ್ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಈ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟಿದ್ದರು. ಸಂಸ್ಥಾನ ಹೋದ ಮೇಲೆ ಆ ಆಸರೆಯೂ ಹೋಯಿತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ಹೊರತಂದಿತು. ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ತಳಿಯನ್ನು ಕಾಯುತ್ತಿದೆ. 2016ರಲ್ಲಿ ಸೈನ್ಯವೂ ಇಲ್ಲಿಂದ ಮರಿಗಳನ್ನು ಒಯ್ದು ಮೀರತ್ತಿನಲ್ಲಿ ತರಬೇತಿ ನೀಡಿತು. ಅಲ್ಲಿ ಎಷ್ಟು ಮರಿಗಳು ಹುಟ್ಟಿದವು, ಯಾರ ಮನೆ ಸೇರಿದವು, ಮುಪ್ಪಿನಲ್ಲಿ ಅವುಗಳ ಗತಿಯೇನು ಎಂದು ತಿಳಿಯಬಯಸುವ ಯಾವ ನಾಗರಿಕನೂ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಬರೆಯಬಹುದು. 30 ದಿನಗಳೊಳಗೆ ಉತ್ತರ ಬರಬೇಕು.