ಹಸು ಸಾಕುವ ತಾಯಂದಿರ ಆರೋಗ್ಯ

ಬೆಳಗಿನ ಜಾವ ಐದು ಗಂಟೆಗೆ ಮುನ್ನವೇ ನಮ್ಮ ಹಳ್ಳಿಗಳ ಕೊಟ್ಟಿಗೆಗಳಲ್ಲಿ ದೀಪ ಹೊತ್ತುತ್ತದೆ. ಸಗಣಿ ಬಾಚುವುದು, ನೆಲ ತೊಳೆಯುವುದು, ಗೋದಲಿಗೆ ಮೇವು ಹಾಕುವುದು, ಹಾಲು ಕರೆದು ಹೊತ್ತಿಗೆ ಸರಿಯಾಗಿ ಡೇರಿಗೆ ಮುಟ್ಟಿಸುವುದು, ಇವೆಲ್ಲ ಬಹಳಷ್ಟು ಮನೆಗಳಲ್ಲಿ ತಾಯಂದಿರ ಪಾಲಿನ ಕೆಲಸಗಳು. ಅಲ್ಲಿಂದ ಬಂದೊಡನೆ ಅಡುಗೆ, ಮಕ್ಕಳ ಶಾಲೆ, ಅತ್ತೆಮಾವಂದಿರ ಔಷಧೋಪಚಾರ, ಹೊಲದ ಕಳೆ. ಸಂಜೆಯಾದರೆ ಮತ್ತೆ ಅದೇ ಕೊಟ್ಟಿಗೆ. ಹಸುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಆದ್ದರಿಂದ ಹೈನುಗಾರಿಕೆಯ ಕಾಯಕಕ್ಕೆ ರಜೆಯೆಂಬುದಿಲ್ಲ. ಸಂಸಾರ, ದುಡಿಮೆ, ದೇಹ ಈ ಮೂರರಲ್ಲಿ ಒಂದನ್ನು ನಾಳೆಗೆ ಬಿಡಬೇಕಾಗಿ ಬಂದಾಗ ತಾಯಿಯು ನಾಳೆಗೆ ಬಿಡುವುದು ತನ್ನ ದೇಹವನ್ನೇ. ಹೀಗೆ ಬಿಟ್ಟದ್ದು ಮುಂದೆ ಏನಾಗುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಗೋಪಾಲನೆಯ ನಿಯಮಗಳು ನಮಗೆಲ್ಲ ತಿಳಿದವೇ. ಗಬ್ಬದ ಹಸು ಕರು ಹಾಕುವುದಕ್ಕೆ ಸುಮಾರು 60 ದಿನ ಮೊದಲು ಹಾಲು ಕರೆಯುವುದನ್ನು ನಿಲ್ಲಿಸಿ ಅದಕ್ಕೆ ವಿಶ್ರಾಂತಿ ಕೊಡುತ್ತೇವೆ. ಹಸು ದಿನಕ್ಕೆ 10ರಿಂದ 12 ಗಂಟೆ ಮಲಗಿರಬೇಕು, ನೀರು ಸದಾ ಮುಂದಿರಬೇಕು ಎಂದು ಪಶುವೈದ್ಯರು ಹೇಳಿದರೆ ಒಪ್ಪುತ್ತೇವೆ. ಅದೇ ಮನೆಯಲ್ಲಿ ತುಂಬು ಗರ್ಭಿಣಿಯಾದ ಸೊಸೆಯು ಸಗಣಿ ಬುಟ್ಟಿ ಹೊತ್ತು ತಿಪ್ಪೆಗೆ ನಡೆಯುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಾಳೆ. ಪುರುಷನು ವ್ಯಯಿಸುವುದು 97 ನಿಮಿಷ. ಕೊಟ್ಟಿಗೆಯ ದುಡಿಮೆ ಇದರ ಮೇಲಿನ ಹೊರೆ.

ರಕ್ತಹೀನತೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಪ್ರಮಾಣ 12 ಗ್ರಾಂಗಿಂತ ಕಡಿಮೆ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಹಾಲಿನ ಕ್ಯಾನು ಎತ್ತಿದಾಗ ಏದುಸಿರು, ಬಗ್ಗಿ ಎದ್ದರೆ ಕಣ್ಣು ಕತ್ತಲೆ, ಎದೆ ಬಡಿತ, ಕಾರಣವಿಲ್ಲದ ಆಯಾಸ ಇವು ಅದರ ಲಕ್ಷಣಗಳು. ಇವನ್ನು ಕೆಲಸದ ದಣಿವೆಂದು ತಿಳಿದು ವರ್ಷಗಟ್ಟಲೆ ಸಹಿಸುವ ತಾಯಂದಿರಿದ್ದಾರೆ.

ಒಂದು ಲೋಟ ಚಹಾ ಕುಡಿದು ಕೊಟ್ಟಿಗೆಗೆ ಇಳಿದು, ಹತ್ತು ಗಂಟೆಯ ಮೇಲೆ ಊಟ ಮಾಡಿ, ಊಟದ ಬೆನ್ನಲ್ಲೇ ಮತ್ತೆ ಚಹಾ ಕುಡಿಯುವುದು ಹಲವರ ರೂಢಿ. ಚಹಾದಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. ಕೊಟ್ಟಿಗೆಗೆ ಹೋಗುವ ಮುನ್ನ ರಾತ್ರಿ ನೆನೆಸಿದ ಕಡಲೆಯನ್ನೋ ಒಂದು ರೊಟ್ಟಿಯನ್ನೋ ತಿನ್ನಬೇಕು. ಸೊಪ್ಪು, ಹುರುಳಿ, ಹೆಸರುಕಾಳುಗಳನ್ನು ನಿಂಬೆರಸದೊಡನೆ ಸೇವಿಸಿದರೆ ಕಬ್ಬಿಣಾಂಶ ಹೆಚ್ಚು ಹಿಡಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಕಬ್ಬಿಣಾಂಶದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯೊಡನೆ ಒಟ್ಟಿಗೆ ನುಂಗಬಾರದು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಇನ್ನೊಂದು ಮಾತು: ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಗೆ ನೀರು ಮಜ್ಜಿಗೆ ಉಳಿಸುವುದು ತರವಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಕಡಿಮೆಯಾದರೂ ಕ್ಯಾಲ್ಸಿಯಂ ಹಾಗೂ ಸಸಾರಜನಕ ಹೇರಳವಾಗಿವೆ. ಕರೆಯುವ ಕೈಗೂ ಅದರಲ್ಲಿ ಪಾಲಿರಲಿ.

ಬೆನ್ನು, ಮಣಿಕಟ್ಟು, ಗರ್ಭಕೋಶ

ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆಯುವುದರಿಂದ ಮಂಡಿಯೂ, ಗಿಡ್ಡ ಪೊರಕೆಯಿಂದ ಗುಡಿಸುವುದರಿಂದ ಸೊಂಟವೂ ಸವೆಯುತ್ತವೆ. ಒಂದು ಗೇಣೆತ್ತರದ ಮಣೆ, ಉದ್ದ ಹಿಡಿಯ ಪೊರಕೆ ಮತ್ತು ಸಲಿಕೆ, ಸಗಣಿಗೆ ಒಂದು ತಳ್ಳುಗಾಡಿ ಇವು ದೊಡ್ಡ ವೆಚ್ಚದವಲ್ಲ. ಹೆಬ್ಬೆರಳನ್ನು ಮಡಚಿ ಮೊಲೆತೊಟ್ಟನ್ನು ಒತ್ತಿ ಕರೆಯುವ ರೂಢಿಯಿಂದ ತೊಟ್ಟಿಗೂ ಗಾಯ, ಕೈಗೂ ನೋವು. ಇಡೀ ಮುಷ್ಟಿಯಿಂದ ಕರೆಯುವುದೇ ಸರಿಯಾದ ಕ್ರಮ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನ ನರದ ಮೇಲೆ ಒತ್ತಡ ಬಿದ್ದಿರಬಹುದು, ವೈದ್ಯರಿಗೆ ತೋರಿಸಬೇಕು.

ಹೆರಿಗೆಯಾದ ಆರು ವಾರಗಳವರೆಗೆ ಭಾರ ಎತ್ತಬಾರದು. ತುಂಬಿದ ಕ್ಯಾನು, ಹಸಿಹುಲ್ಲಿನ ಹೊರೆ, ಹಿಂಡಿಯ ಚೀಲಗಳನ್ನು ಬಾಣಂತನದಲ್ಲೇ ಎತ್ತುವವರಿಗೆ ಮುಂದೆ ಗರ್ಭಕೋಶ ಜಾರುವ ಅಪಾಯವುಂಟು. ಕೆಮ್ಮಿದಾಗ ಮೂತ್ರ ಜಿನುಗುವುದು, ಕೆಳಗೆ ಏನೋ ಇಳಿದಂತೆ ಭಾರವಾಗುವುದು ಇದರ ಸೂಚನೆ. ಲಜ್ಜೆಯಿಂದ ಮುಚ್ಚಿಡುವ ಈ ತೊಂದರೆಗೆ ಚಿಕಿತ್ಸೆ ಇದೆ.

ಕೊಟ್ಟಿಗೆಯಿಂದ ಬರುವ ರೋಗಗಳು

ಇವುಗಳಲ್ಲಿ ಮುಖ್ಯವಾದುದು ಬ್ರುಸೆಲ್ಲಾ ಎಂಬ ಸೂಕ್ಷ್ಮಾಣುವಿನಿಂದ ಬರುವ ಕಂದು ರೋಗ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು ಕಂದು ಹಾಕುವುದು, ಕಸ ಬೀಳದೆ ಉಳಿಯುವುದು ಇದರ ಗುರುತು. ಆ ಕಂದನ್ನೂ ಕಸವನ್ನೂ ಬರಿಗೈಯಲ್ಲಿ ಮುಟ್ಟುವುದರಿಂದ, ಹಸಿಹಾಲು ಕುಡಿಯುವುದರಿಂದ ರೋಗ ಮನುಷ್ಯರಿಗೆ ಹರಡುತ್ತದೆ. ಬಂದು ಹೋಗಿ ಮರುಕಳಿಸುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಬೆನ್ನು ನೋವು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಬಹುದಿನ ಬಿಡದ ಜ್ವರಕ್ಕೆ ಆಸ್ಪತ್ರೆಗೆ ಹೋದಾಗ “ನಮ್ಮ ಮನೆಯಲ್ಲಿ ಹಸುಗಳಿವೆ” ಎಂದು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಈ ಒಂದು ಮಾತು ರೋಗವನ್ನು ಬೇಗ ಪತ್ತೆಹಚ್ಚಲು ನೆರವಾಗುತ್ತದೆ.

ಕರು ಹಾಕಿಸುವಾಗ ಕೈಗವಸು ಧರಿಸಬೇಕು. ಕಸವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಗರ್ಭಿಣಿಯರು ಆ ಕೆಲಸದಿಂದ ದೂರವಿರಬೇಕು. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಮ್ಮೆ ಲಸಿಕೆ ಹಾಕಿಸಬೇಕು. ಹಾಲನ್ನು ಕಾಯಿಸಿಯೇ ಕುಡಿಯಬೇಕು. ಕಾಲಿನ ಬಿರುಕುಗಳ ಮೂಲಕ ಇಲಿಜ್ವರದ ಸೂಕ್ಷ್ಮಾಣುಗಳೂ ದೇಹ ಸೇರಬಲ್ಲವು. ಕೊಟ್ಟಿಗೆಗೆಂದೇ ರಬ್ಬರಿನ ಬೂಟು ಇಟ್ಟುಕೊಳ್ಳುವುದು ಲೇಸು.

ನಿದ್ರೆ ಮತ್ತು ಮನಸ್ಸು

ವಯಸ್ಕರಿಗೆ ಏಳು ಗಂಟೆಯ ನಿದ್ರೆ ಬೇಕು. ನಾಲ್ಕೂವರೆಗೆ ಏಳುವವರು ಒಂಬತ್ತೂವರೆಗೆ ಮಲಗಲೇಬೇಕು. ಮನೆಮಂದಿ ಹತ್ತು ಗಂಟೆಗೆ ಉಂಡು ಎದ್ದರೆ ಪಾತ್ರೆ ತೊಳೆಯುವ ತಾಯಿಗೆ ಇದು ಸಾಧ್ಯವಾಗದು. ರಾತ್ರಿಯೂಟವನ್ನು ಎಂಟು ಗಂಟೆಗೆ ತರುವುದು ಮನೆಯವರೆಲ್ಲರೂ ಸೇರಿ ಮಾಡಬೇಕಾದ ನಿರ್ಧಾರ. ಹಸು ಸತ್ತಾಗ, ಸಾಲದ ಕಂತು ನಿಂತಾಗ ತಾಯಂದಿರು ಅನುಭವಿಸುವ ಸಂಕಟ ಸಣ್ಣದಲ್ಲ. ವಾರಗಟ್ಟಲೆ ನಿದ್ರೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಅದನ್ನು ದೌರ್ಬಲ್ಯವೆಂದು ತಿಳಿಯದೆ ನೆರವು ಕೇಳಬೇಕು.

ಹೊರೆಯ ಹಂಚಿಕೆ

ಇಲ್ಲಿಯವರೆಗೆ ಹೇಳಿದ್ದೆಲ್ಲವೂ ಒಂದು ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತದೆ. ಆಸ್ಪತ್ರೆಗೆ ಹೋಗಲು ಹೇಳಿದರೆ ತಾಯಂದಿರು ಕೊಡುವ ಉತ್ತರ: “ನಾನಿಲ್ಲದಿದ್ದರೆ ಹಸು ಹಾಲು ಬಿಡುವುದಿಲ್ಲ.” ಈ ಮಾತು ಸುಳ್ಳಲ್ಲ. ಅಪರಿಚಿತ ಕೈ ಕಂಡರೆ ಹಸು ಬೆದರಿ ಹಾಲನ್ನು ತಡೆಹಿಡಿಯುತ್ತದೆ. ಹಾಗೆಂದೇ ಕೊಟ್ಟಿಗೆಯ ಪ್ರತಿ ಹಸುವಿಗೂ ಎರಡನೆಯ ಕೈಯೊಂದನ್ನು ರೂಢಿ ಮಾಡಿಸಬೇಕು. ಯಜಮಾನರೋ ದೊಡ್ಡ ಮಗನೋ ದಿನದ ಒಂದು ಹೊತ್ತಿನ ಹಾಲನ್ನು ತಾವು ಕರೆಯಲಿ. ಹಾಲು ಕರೆಯುವುದು ಹೆಂಗಸರ ಕೆಲಸವೆಂದು ಯಾವ ಹಸುವೂ ಹೇಳಿಲ್ಲ. ಕಟಾವಿನಲ್ಲಿ ಮುಯ್ಯಾಳಾಗಿ ದುಡಿಯುವ ಪದ್ಧತಿ ನಮ್ಮಲ್ಲಿದೆ. ಅಂತೆಯೇ ನೆರೆಯ ಮೂರ್ನಾಲ್ಕು ಮನೆಗಳ ತಾಯಂದಿರು ಪರಸ್ಪರರ ಹಸುಗಳನ್ನು ಪರಿಚಯ ಮಾಡಿಕೊಂಡರೆ ಕಾಯಿಲೆಯ ದಿನ ಕೊಟ್ಟಿಗೆ ಅನಾಥವಾಗದು.

ಇನ್ನೊಂದು ಹಸು ಕಟ್ಟುವ ಮಾತು ಬಂದಾಗ ಮೇವು, ಸಾಲಗಳ ಲೆಕ್ಕದೊಡನೆ ಅದನ್ನು ನೋಡುವ ಕೈಗಳ ಲೆಕ್ಕವೂ ಆಗಲಿ. ದುಡಿಯುವವರ ಹೆಸರಿನಲ್ಲೇ ಸಂಘದ ಸದಸ್ಯತ್ವವೂ ಬ್ಯಾಂಕಿನ ಖಾತೆಯೂ ಇರಲಿ. 1986-87ರಲ್ಲಿ ಆರಂಭವಾದ ಕೇಂದ್ರದ ‘ಸ್ಟೆಪ್’ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದಿವೆ. ತನ್ನ ಖಾತೆಯಲ್ಲಿ ಹಣವಿರುವ ತಾಯಿ ರಕ್ತಪರೀಕ್ಷೆಗೆ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.

ಪಶುಚಿಕಿತ್ಸೆಯ ಸಹಾಯವಾಣಿ 1962 ಅನೇಕ ಕೊಟ್ಟಿಗೆಗಳ ಗೋಡೆಯ ಮೇಲಿದೆ. ಅದರ ಪಕ್ಕದಲ್ಲಿ ಆರೋಗ್ಯ ಸಹಾಯವಾಣಿ 104 ಮತ್ತು ಮನಸ್ಸಿನ ಆರೋಗ್ಯದ ‘ಟೆಲಿ ಮಾನಸ್’ 14416 ಇವನ್ನೂ ಬರೆಯೋಣ. ಹಸು ಬೆದೆಗೆ ಬಂದ ದಿನ, ಲಸಿಕೆಯ ದಿನಗಳನ್ನು ಗುರುತಿಸುವ ಕ್ಯಾಲೆಂಡರಿನಲ್ಲಿಯೇ ಮನೆಯ ತಾಯಿಯ ರಕ್ತಪರೀಕ್ಷೆಯ ದಿನವನ್ನೂ ಈ ತಿಂಗಳೇ ಗುರುತಿಸೋಣ. ಆ ದಿನ ಹಾಲು ಕರೆಯುವವರು ಯಾರೆಂಬುದನ್ನೂ ಅದರ ಕೆಳಗೆ ಬರೆದಿಡೋಣ.