ಲಾರಿ ಕಲಿಯುವವನಿಗೆ ನಿದ್ದೆಯೂ ಒಂದು ಪಾಠ

ಯಳಂದೂರು ತಾಲ್ಲೂಕಿನ ಅಗರದಂಥ ಊರಿನ ಯುವಕನೊಬ್ಬ ಹೊಸದಾಗಿ ಲಾರಿ ಹತ್ತಿದರೆ, ಕೊಳ್ಳೇಗಾಲದ ಮೇಲೆ ಬೆಂಗಳೂರಿಗೋ, ಚಾಮರಾಜನಗರದ ಮೇಲೆ ದಿಂಬಂ ಘಟ್ಟ ಇಳಿದು ಕೊಯಮತ್ತೂರಿಗೋ ಹೋಗಬೇಕಾಗುತ್ತದೆ. ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳಿವೆ. ಮಗ ಗೇರು, ಬ್ರೇಕು ಕಲಿತನೇ ಎಂದು ಮನೆಯವರು ವಿಚಾರಿಸುತ್ತಾರೆ. ದಣಿದಾಗ ಗಾಡಿ ನಿಲ್ಲಿಸುವುದನ್ನು ಕಲಿತನೇ ಎಂದು ಕೇಳುವವರು ಕಡಿಮೆ.

ತೂಕಡಿಕೆಯ ಅಪಾಯ

ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ. ಬೆಳಗಿನ ಜಾವ 2ರಿಂದ 5 ಗಂಟೆಯವರೆಗೆ ಅದು ನಿದ್ದೆಯನ್ನೇ ಬೇಡುತ್ತದೆ. ಮಧ್ಯಾಹ್ನ ಊಟದ ನಂತರವೂ ಜೋಂಪು ಹತ್ತುತ್ತದೆ. ಆಗ ಕೆಲವು ಕ್ಷಣ ಮಿದುಳು ಮಂಕಾಗುತ್ತದೆ. ತಾನು ನಿದ್ರಿಸಿದ್ದು ಚಾಲಕನಿಗೇ ತಿಳಿಯುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಮೂರು ಸೆಕೆಂಡಿನಲ್ಲಿ 50 ಮೀಟರ್ ಸಾಗಿರುತ್ತದೆ. ಸತತವಾಗಿ 17 ಗಂಟೆ ಎಚ್ಚರವಿದ್ದವನ ಚುರುಕುತನ ಮದ್ಯ ಸೇವಿಸಿದವನ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅನುಭವ ಎಷ್ಟಿದ್ದರೂ ನಿದ್ದೆಯನ್ನು ಗೆಲ್ಲಲಾಗದು.

ಘಟ್ಟದಲ್ಲಿ ಎಚ್ಚರ

ಹೊಸಬನನ್ನು ಮೊದಲು ಹಗಲಿನಲ್ಲಿ, ಪಳಗಿದ ಚಾಲಕನ ಜೊತೆಯಲ್ಲಿ ಕಳುಹಿಸಬೇಕು. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು, ನ್ಯೂಟ್ರಲ್‌ನಲ್ಲಿ ಇಳಿಯಲೇಬಾರದು. ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ದಣಿದ ಮನಸ್ಸು ಮೊದಲು ಮರೆಯುವುದು ಇಂಥ ಪಾಠಗಳನ್ನೇ. ಒಂದೇ ಹದದ ವೇಗದಿಂದ ಡೀಸೆಲ್ ಉಳಿಯುತ್ತದೆ, ಮೈ ಕೂಡ ಕಡಿಮೆ ದಣಿಯುತ್ತದೆ.

ಚಾಲಕರಿಗೆ ಸೂಚನೆಗಳು

* ದಿನಕ್ಕೆ 7 ಗಂಟೆಯಾದರೂ ನಿದ್ದೆ ಇರಲಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನದ ದುಡಿಮೆಗೆ ಸಾಮಾನ್ಯವಾಗಿ 8 ಗಂಟೆಯ ಮಿತಿ ಹಾಕಿತ್ತು.

* ಆಕಳಿಕೆ, ಕಣ್ಣುರಿ ಕಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 20 ನಿಮಿಷ ಮಲಗಿ. ಕಾಫಿಯ ಪರಿಣಾಮಕ್ಕೆ ಸುಮಾರು ಅರ್ಧ ಗಂಟೆ ಬೇಕು. ಹಾಡು, ಬೀಡಿ, ತಣ್ಣನೆಯ ಗಾಳಿ ನಿದ್ದೆಗೆ ಮದ್ದಲ್ಲ.

* ದಿಂಬಂ ಮಾರ್ಗದಲ್ಲಿ ಭಾರಿ ವಾಹನಗಳ ರಾತ್ರಿ ಸಂಚಾರಕ್ಕೆ 2022ರಲ್ಲಿ ನಿರ್ಬಂಧ ಬಂತು. ಹೀಗೆ ಕಾಯಬೇಕಾದ ಹೊತ್ತನ್ನು ಹರಟೆಯಲ್ಲಿ ಕಳೆಯದೆ ನಿದ್ದೆಗೆ ಬಳಸಿ.

* ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ಮಂಪರು ತರುತ್ತವೆ. ವೈದ್ಯರನ್ನು ಕೇಳದೆ ನುಂಗಬೇಡಿ.

ಮನೆಯವರ ಪಾತ್ರ

ಜೋರಾದ ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ವೈದ್ಯರಿಗೆ ತೋರಿಸಿ. ಇದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ. ರಾತ್ರಿಯೆಲ್ಲ ಲಾರಿ ಓಡಿಸಿ ಬಂದವನಿಗೆ ಹಗಲಲ್ಲಿ ಕತ್ತಲೆಯ, ಸದ್ದಿಲ್ಲದ ಕೋಣೆ ಕೊಡಿ. ದಾರಿಯಲ್ಲಿದ್ದಾಗ "ಬೇಗ ಬಾ" ಎಂದು ಫೋನ್ ಮಾಡಬೇಡಿ. "ನಿದ್ದೆ ಬಂದರೆ ನಿಲ್ಲಿಸು, ತಡವಾದರೂ ಚಿಂತೆಯಿಲ್ಲ" ಎಂದು ಹೊರಡುವಾಗಲೇ ಹೇಳಿ ಕಳುಹಿಸಿ.