ಅಮೆರಿಕದ ಎಫ್‌ಎಸ್‌ಎ ಖಾತೆ: ವರ್ಷದ ನಡುವೆ ವಂತಿಗೆ ಬದಲಾಯಿಸುವ ನಿಯಮಗಳು

ಅಮೆರಿಕದಲ್ಲಿ ಶಾಖೆ ತೆರೆದು ನೌಕರರನ್ನು ನೇಮಿಸಿಕೊಳ್ಳುವ ನಮ್ಮ ಉದ್ಯಮಿಗಳು ಅಲ್ಲಿನ ವೇತನಪಟ್ಟಿಯ ಒಂದು ಕಡಿತವನ್ನು ಸರಿಯಾಗಿ ಅರಿತಿರುವುದು ಅಗತ್ಯ. ಅದು ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್, ಅಂದರೆ ಎಫ್‌ಎಸ್‌ಎ. ಆ ದೇಶದ ತೆರಿಗೆ ಸಂಹಿತೆಯ 125ನೇ ಸೆಕ್ಷನ್ ಇದಕ್ಕೆ ಆಧಾರ. ನೌಕರನು ವರ್ಷಾರಂಭಕ್ಕೆ ಮೊದಲೇ ಸೂಚಿಸಿದ ಮೊತ್ತವು ತೆರಿಗೆ ಲೆಕ್ಕಕ್ಕೆ ಮುನ್ನ ಸಂಬಳದಿಂದ ಕಂತುಗಳಲ್ಲಿ ಕಡಿತವಾಗುತ್ತದೆ. ವೈದ್ಯಕೀಯ ಅಥವಾ ಮಕ್ಕಳ ಪಾಲನೆಯ ವೆಚ್ಚಕ್ಕೆ ಅದರಿಂದ ಮರುಪಾವತಿ ದೊರೆಯುತ್ತದೆ. 2026ರಲ್ಲಿ ವೈದ್ಯಕೀಯ ಖಾತೆಯ ವಾರ್ಷಿಕ ಮಿತಿ 3,400 ಡಾಲರ್. ಪಾಲನಾ ಖಾತೆಯ ಮಿತಿ ಕುಟುಂಬವೊಂದಕ್ಕೆ 7,500 ಡಾಲರ್.

ಒಮ್ಮೆ ಸೂಚಿಸಿದ ಮೊತ್ತವನ್ನು ವರ್ಷದ ನಡುವೆ ಬದಲಾಯಿಸುವಂತಿಲ್ಲ ಎಂಬುದು ಮೂಲ ನಿಯಮ. ನಿರೀಕ್ಷಿಸಿದ ಚಿಕಿತ್ಸೆ ಬೇಡವಾಯಿತು, ಮನೆಖರ್ಚು ಹೆಚ್ಚಿತು ಎಂಬ ಕಾರಣಗಳು ಸಾಲವು. ಆದರೆ ವಿವಾಹ, ವಿಚ್ಛೇದನ, ಮಗುವಿನ ಜನನ ಅಥವಾ ದತ್ತು ಸ್ವೀಕಾರ, ಸಂಗಾತಿಯ ಇಲ್ಲವೆ ಅವಲಂಬಿತರ ಮರಣ, ಉದ್ಯೋಗದ ಆರಂಭ ಅಥವಾ ಅಂತ್ಯ ಮುಂತಾದ ಘಟನೆಗಳಿಗೆ ವಿನಾಯಿತಿಯುಂಟು.

ಬದಲಾವಣೆಯು ಘಟನೆಗೆ ಹೊಂದಿಕೆಯಾಗಿರಬೇಕು. ಉದಾಹರಣೆಗೆ, ವರ್ಷಕ್ಕೆ 2,400 ಡಾಲರ್ ಸೂಚಿಸಿದ ನೌಕರನಿಗೆ ಜೂನ್‌ನಲ್ಲಿ ಮಗು ಜನಿಸಿತೆನ್ನೋಣ. ಆತ ವೈದ್ಯಕೀಯ ಖಾತೆಯ ಮೊತ್ತವನ್ನು 3,000ಕ್ಕೆ ಏರಿಸಬಹುದು. ಅದೇ ಕಾರಣ ನೀಡಿ ಇಳಿಸಲು ಹೊರಟರೆ ಅದು ಹೊಂದಿಕೆಯಾಗದು. ಪತ್ನಿಗೆ ಹೊಸ ಉದ್ಯೋಗ ದೊರೆತು, ಅಲ್ಲಿನ ಆರೋಗ್ಯ ಯೋಜನೆಗೆ ಕುಟುಂಬವು ಸೇರಿದರೆ ಇಳಿಕೆಗೆ ಅವಕಾಶವುಂಟು. ಶಿಶುವಿಹಾರ ಬದಲಾದುದರಿಂದ ಶುಲ್ಕ ಹೆಚ್ಚುಕಡಿಮೆಯಾದರೆ ಪಾಲನಾ ಖಾತೆಯನ್ನು ತಿದ್ದಬಹುದು. ವೈದ್ಯಕೀಯ ಖಾತೆಗೆ ಕೇವಲ ವೆಚ್ಚದ ಏರಿಳಿತ ಕಾರಣವಾಗದು.

ಈ ವಿನಾಯಿತಿಗಳನ್ನು ಕಾನೂನು ಅನುಮತಿಸುತ್ತದೆಯೇ ಹೊರತು ಕಡ್ಡಾಯಗೊಳಿಸುವುದಿಲ್ಲ. ಸಂಸ್ಥೆಯ ಲಿಖಿತ ಯೋಜನಾ ಪತ್ರದಲ್ಲಿ ಅವು ಸೇರಿರಬೇಕು. ಅರ್ಜಿ ಸಲ್ಲಿಸುವ ಅವಧಿಯನ್ನೂ ಆ ಪತ್ರವೇ ಗೊತ್ತುಪಡಿಸುತ್ತದೆ. ಘಟನೆಯಿಂದ 30 ದಿನಗಳೆಂಬುದು ಸಾಮಾನ್ಯ ರೂಢಿ.

ಮಾಲೀಕರು ಇಲ್ಲಿ ಎಚ್ಚರ ವಹಿಸಬೇಕಾದುದು ಏಕೆ? ನೌಕರನ ಮೇಲಿನ ಕನಿಕರದಿಂದ ನಿಯಮ ಮೀರಿ ಮೊತ್ತವನ್ನು ತಿದ್ದಿದರೆ, ಯೋಜನೆಯೇ ತೆರಿಗೆ ಸೌಲಭ್ಯವನ್ನು ಕಳೆದುಕೊಳ್ಳುವ ಅಪಾಯವಿದೆ. ಅದರ ಹೊರೆ ಉಳಿದ ನೌಕರರ ಮೇಲೂ ಬೀಳಬಹುದು. ಇನ್ನೊಂದು ಅಂಶ: ವೈದ್ಯಕೀಯ ಖಾತೆಯ ಪೂರ್ಣ ವಾರ್ಷಿಕ ಮೊತ್ತವು ಮೊದಲ ದಿನದಿಂದಲೇ ನೌಕರನಿಗೆ ಲಭ್ಯ. ಜನವರಿಯಲ್ಲಿ 2,400 ಡಾಲರ್ ಪಡೆದವನು 400 ಡಾಲರ್ ಮಾತ್ರ ಕಟ್ಟಿ ಕೆಲಸ ಬಿಟ್ಟರೆ, ಉಳಿದ 2,000 ಡಾಲರನ್ನು ಆತನಿಂದ ವಸೂಲು ಮಾಡುವಂತಿಲ್ಲ. ಅದು ಸಂಸ್ಥೆಯ ನಷ್ಟ. ವೆಚ್ಚವಾಗದೆ ಉಳಿದ ಹಣವಾದರೋ ಸಾಮಾನ್ಯವಾಗಿ ನೌಕರನ ಕೈತಪ್ಪುತ್ತದೆ. ಯೋಜನೆಯಲ್ಲಿ ಅವಕಾಶವಿದ್ದರೆ ವೈದ್ಯಕೀಯ ಖಾತೆಯಿಂದ 2026ರ ಶಿಲ್ಕಿನಲ್ಲಿ 680 ಡಾಲರ್‌ವರೆಗೆ ಮುಂದಿನ ವರ್ಷಕ್ಕೆ ಸಾಗಿಸಬಹುದು.

ಏಕಮಾಲೀಕರು, ಪಾಲುದಾರರು ಹಾಗೂ ಎಸ್ ಕಾರ್ಪೊರೇಷನ್ ವರ್ಗದ ಕಂಪನಿಯಲ್ಲಿ ಶೇ. 2ಕ್ಕಿಂತ ಹೆಚ್ಚಿನ ಷೇರುಳ್ಳವರು ತಾವೇ ಈ ಯೋಜನೆಗೆ ಸೇರುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಆದುದರಿಂದ ನೌಕರನು ಬದಲಾವಣೆ ಕೋರಿದಾಗ ನಾಲ್ಕು ಅಂಶಗಳನ್ನು ಪರಿಶೀಲಿಸುವುದು ಕ್ಷೇಮ: ಘಟನೆಯು ಯೋಜನಾ ಪತ್ರದಲ್ಲಿದೆಯೇ, ಕೋರಿಕೆ ಅದಕ್ಕೆ ಹೊಂದುತ್ತದೆಯೇ, ಅವಧಿಯೊಳಗೆ ಬಂದಿದೆಯೇ, ದಾಖಲೆ ಕಡತದಲ್ಲಿದೆಯೇ. ನಾಲ್ಕಕ್ಕೂ ಹೌದೆಂಬ ಉತ್ತರ ದೊರೆತ ಬಳಿಕವೇ ಮುಂದಿನ ವೇತನದಿಂದ ಕಡಿತವನ್ನು ಪರಿಷ್ಕರಿಸಬೇಕು.